ತೌಡು ಆಕಳಿಗೆ, ಬಿಳಿ ಅಕ್ಕಿ ನಮಗೆ: ತಟ್ಟೆಯಿಂದ ನಾರು ಹೋದ ಕತೆ

ಶಿರಸಿಯ ಮನೆಯಲ್ಲಿ ಆಯಿ ಮೆಟ್ಟುಗತ್ತಿಯ ಮುಂದೆ ಕೂತು ಬಾಳೆದಿಂಡು ಹೆಚ್ಚುವಾಗ ನನ್ನ ಕಣ್ಣು ಅವಳ ತೋರುಬೆರಳಿನ ಮೇಲೇ ಇರುತ್ತದೆ. ಒಂದು ಬಿಲ್ಲೆ ಕೊಯ್ದ ಕೂಡಲೇ ಜೇಡರ ಬಲೆಯಂಥ ಎಳೆಗಳು ಎದ್ದು ಬರುತ್ತವೆ. ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಮತ್ತೊಂದು ಬಿಲ್ಲೆ, ಮತ್ತೊಂದು ಸುತ್ತು. ದಿಂಡು ಮುಗಿಯುವಷ್ಟರಲ್ಲಿ ಬೆರಳಿಗೊಂದು ಬಿಳಿ ಉಂಗುರ. ಬಿಲ್ಲೆಗಳು ಮಜ್ಜಿಗೆ ನೀರಿಗೆ, ಉಂಗುರ ಹಿತ್ತಿಲಿಗೆ.

ನಾರು ಅಂದರೆ ನಮ್ಮ ಮನಸ್ಸಿಗೆ ಬರುವುದು ಆ ಉಂಗುರವೇ. ಡಾಕ್ಟರು "ನಾರಿನಂಶ ಜಾಸ್ತಿ ತಿನ್ನಿ" ಅಂದಾಗ ಜನ ಗೊಂದಲಕ್ಕೆ ಬೀಳುವುದೂ ಇದಕ್ಕೇ. ಅವರು ಹೇಳುವ ನಾರು ಬರೀ ಎಳೆಯಲ್ಲ. ಗಿಡದಿಂದ ಬಂದ ಆಹಾರದಲ್ಲಿ ನಮ್ಮ ಸಣ್ಣ ಕರುಳು ಅರಗಿಸಲಾರದೆ ಮುಂದೆ ದೂಡುವ ಭಾಗವೆಲ್ಲ ನಾರೇ. ರಾಗಿಯ ಹೊರಪದರ, ಹೆಸರುಕಾಳಿನ ಸಿಪ್ಪೆ, ಪೇರಲೆಯ ತಿರುಳು, ಬೆಂಡೆಕಾಯಿಯ ಲೋಳೆ, ಎಲ್ಲವೂ. ಆಯಿ ಎಳೆ ತೆಗೆದು ಬಿಟ್ಟ ದಿಂಡಿನಲ್ಲೂ ಬೇಕಾದಷ್ಟು ನಾರು ಉಳಿದೇ ಇರುತ್ತದೆ.

ವಿಜ್ಞಾನಿಗಳೂ ಮೊದಲು ನಾರನ್ನು ಅಳೆದದ್ದು ಮನುಷ್ಯರಿಗಾಗಿ ಅಲ್ಲ, ದನಗಳಿಗಾಗಿ. 1860ರ ದಶಕದಲ್ಲಿ ಜರ್ಮನಿಯ ವೇಂಡೆ ಎಂಬಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಮೇವಿನ ಗುಣ ತಿಳಿಯಲು ಒಂದು ವಿಧಾನ ಮಾಡಿದರು. ಮೇವನ್ನು ಆಮ್ಲದಲ್ಲಿ ಕುದಿಸು, ಆಮೇಲೆ ಕ್ಷಾರದಲ್ಲಿ ಕುದಿಸು, ಕರಗದೆ ಉಳಿದದ್ದು ಕಚ್ಚಾ ನಾರು. ಇದೇ ಲೆಕ್ಕ ಮನುಷ್ಯರ ಆಹಾರದ ಪಟ್ಟಿಗೂ ಬಂತು. ಆದರೆ ಆ ಕುದಿತದಲ್ಲಿ ಬೆಂಡೆಯ ಲೋಳೆಯಂಥ ಕರಗುವ ನಾರು ಹೆಚ್ಚುಕಮ್ಮಿ ಪೂರ್ತಿ ಕಳೆದುಹೋಗುತ್ತದೆ. ಹಾಗಾಗಿ ಎಷ್ಟೋ ವರ್ಷ ಪುಸ್ತಕಗಳಲ್ಲಿ ನಾರಿನ ಅಂಕಿ ಸಣ್ಣದಾಗಿಯೇ ಇತ್ತು. ಅದರಿಂದ ಮನುಷ್ಯನಿಗೆ ಏನು ಉಪಯೋಗ ಎಂದು ಕೇಳುವವರೂ ಕಡಿಮೆ ಇದ್ದರು.

ನಮ್ಮ ಮನೆಗಳಲ್ಲೂ ಅದು ದನದ ಪಾಲೇ ಆಗಿತ್ತಲ್ವಾ? ಗಿರಣಿಗೆ ಭತ್ತ ಒಯ್ದವರಿಗೆ ಗೊತ್ತು. ಒಂದು ಕಡೆ ಅಕ್ಕಿ ಬೀಳುತ್ತದೆ, ಇನ್ನೊಂದು ಕಡೆ ತೌಡು. ಬಿಸಿ ತೌಡನ್ನು ಎರಡು ಬೆರಳಲ್ಲಿ ತಿಕ್ಕಿದರೆ ಎಣ್ಣೆ ಎಣ್ಣೆ. ಸಿಹಿಯಾದ, ಹುರಿದಂಥ ಘಮ. ಅಕ್ಕಿಯ ನಾರು, ಬಿ ಗುಂಪಿನ ವಿಟಮಿನ್‌ಗಳು ಬಹುಪಾಲು ಇರುವುದು ಆ ತೌಡಿನಲ್ಲಿ. ಅದೇ ಎಣ್ಣೆಯಿಂದ ತೌಡಿರುವ ಅಕ್ಕಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ಅಂಗಡಿಯವರಿಗೆ ಪಾಲಿಶ್ ಅಕ್ಕಿ ಇಷ್ಟವಾಗಲು ಇದೂ ಒಂದು ಕಾರಣ. ನಮಗೆ ಇಷ್ಟವಾಗಲು ಕಾರಣ ಬೇರೆ. ಬಿಳಿ ಅನ್ನ ನೆಂಟರ ಊಟ, ಕೆಂಪನ್ನ ಗದ್ದೆ ಕೆಲಸದವರ ಊಟ ಎಂಬ ಭಾವನೆ.

ಆ ಬಿಳುಪಿನ ಬೆಲೆ ಮೊದಲು ಕಂಡದ್ದು ಬೆರಿಬೆರಿಯಲ್ಲಿ, ಅಂದರೆ ಬಿ1 ವಿಟಮಿನ್ ಸಾಲದೆ ನರಗಳು ಸೋಲುವ ಕಾಯಿಲೆಯಲ್ಲಿ. 1890ರ ದಶಕದಲ್ಲಿ ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯ ಒಂದು ವಿಚಿತ್ರ ನೋಡಿದರು. ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುತ್ತಿದ್ದವು, ತೌಡಿರುವ ಅಕ್ಕಿ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು. ಮುಂದೆ ಕ್ವಾಲಾಲಂಪುರದಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯ, ಕುಚ್ಚಲಕ್ಕಿ ಉಣ್ಣುವವರಲ್ಲಿ ಬೆರಿಬೆರಿ ಅಷ್ಟಾಗಿ ಬರುವುದಿಲ್ಲ ಎಂದು ತೋರಿಸಿದರು. ಭತ್ತವನ್ನು ಬೇಯಿಸಿ ಒಣಗಿಸುವಾಗ ವಿಟಮಿನ್ ಒಳಗಿನ ಕಾಳಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ಅಜ್ಜಿಯಂದಿರು ದೊಡ್ಡ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದಾಗ ನಡೆಯುತ್ತಿದ್ದದ್ದೂ ಇದೇ.

1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಕಾರವಾರಕ್ಕೂ ಶಿರಸಿಗೂ ಬಂದಿದ್ದರು. ಅದೇ ವರ್ಷದ ಕೊನೆಗೆ ಅವರು ಹುಟ್ಟುಹಾಕಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೊದಲ ಕೆಲಸಗಳಲ್ಲಿ ತೌಡು ಉಳಿಯುವ ಕೈಕುಟ್ಟಿನ ಅಕ್ಕಿಯೂ ಒಂದು. ಆದರೆ ಒನಕೆ ಸೋತಿತು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಭತ್ತ ಕುಟ್ಟುತ್ತಿದ್ದವರು ಹೆಂಗಸರು. ಗಿರಣಿ ಬಂದು ಅವರ ಬೆನ್ನು, ಭುಜ ಉಳಿಯಿತು.

ಇಲ್ಲಿಯವರೆಗೂ ಎಲ್ಲರ ಗಮನ ವಿಟಮಿನ್ ಮೇಲೆ. ನಾರಿಗೆ ಒಂದು ಸರಿಯಾದ ಹೆಸರು ಸಿಕ್ಕಿದ್ದೇ 1953ರಲ್ಲಿ, ಹಿಪ್ಸ್ಲಿ ಎಂಬವರು 'ಆಹಾರದ ನಾರು' ಎಂದು ಬರೆದಾಗ. ಅದನ್ನು ಊರೂರಿಗೆ ಮುಟ್ಟಿಸಿದವರು ಡೆನಿಸ್ ಬರ್ಕಿಟ್. ಉಗಾಂಡಾದಲ್ಲಿ ಶಸ್ತ್ರವೈದ್ಯರಾಗಿದ್ದವರು. ಅಲ್ಲಿನ ಹಳ್ಳಿಗರಲ್ಲಿ ಅಪೆಂಡಿಸೈಟಿಸ್, ದೊಡ್ಡ ಕರುಳಿನ ಕ್ಯಾನ್ಸರ್ ಯಾಕೆ ಇಷ್ಟು ಅಪರೂಪ ಎಂದು ಕೇಳಿಕೊಂಡು, ಅವರ ಊಟದ ನಾರೇ ಕಾರಣ ಎಂದರು. 1972ರಲ್ಲಿ ಬರ್ಕಿಟ್ ಮತ್ತು ಜೊತೆಗಾರರು ಒಂದು ಲೇಖನ ಪ್ರಕಟಿಸಿದರು. ಊಟ ಎಷ್ಟು ಹೊತ್ತಿನಲ್ಲಿ ಕರುಳು ದಾಟುತ್ತದೆ, ಮಲದ ತೂಕ ಎಷ್ಟು ಎಂದು ಅಳೆದು ಬೇರೆ ಬೇರೆ ದೇಶದವರನ್ನು ಹೋಲಿಸಿದ್ದರು. ಅವರ ಗೆಳೆಯ ಹ್ಯೂ ಟ್ರೋವೆಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾರು ಕಡಿಮೆಯಾದದ್ದಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂದರು.

ಅವರು ಹೇಳಿದ್ದೆಲ್ಲ ಹಾಗೇ ನಿಲ್ಲಲಿಲ್ಲ. 2000ದಲ್ಲಿ ಅಮೆರಿಕದ ಎರಡು ದೊಡ್ಡ ಪ್ರಯೋಗಗಳಲ್ಲಿ, ನಾರು ಹೆಚ್ಚು ತಿಂದರೂ ಮುಂದೆ ಕ್ಯಾನ್ಸರ್ ಆಗಬಹುದಾದ ಕರುಳಿನ ಗಂಟುಗಳು ಮರಳುವುದು ಕಡಿಮೆಯಾಗಲಿಲ್ಲ. ಅದೇ ವರ್ಷ ಸಕ್ಕರೆ ಕಾಯಿಲೆಯ ವಿಷಯದಲ್ಲಿ ಒಳ್ಳೆಯ ಸುದ್ದಿ ಬಂತು. ಟೆಕ್ಸಾಸ್‌ನಲ್ಲಿ 13 ಮಂದಿ ರೋಗಿಗಳಿಗೆ ಆರು ವಾರ ದಿನಕ್ಕೆ 24 ಗ್ರಾಂ ನಾರಿನ ಊಟ, ಇನ್ನಾರು ವಾರ 50 ಗ್ರಾಂ ನಾರಿನ ಊಟ ಕೊಟ್ಟರು. ಪುಡಿ, ಗುಳಿಗೆ ಏನೂ ಇಲ್ಲ, ಬರೀ ಹಣ್ಣು, ತರಕಾರಿ, ಧಾನ್ಯ. 50 ಗ್ರಾಂ ತಿಂದಾಗ ದಿನವಿಡೀ ರಕ್ತದ ಸಕ್ಕರೆ ಸುಮಾರು 10% ಕಡಿಮೆ ಇತ್ತು. ಕೊಲೆಸ್ಟ್ರಾಲ್ ಕೂಡ ಇಳಿಯಿತು. 2019ರಲ್ಲಿ 185 ದೀರ್ಘಕಾಲದ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ನಾರು ಹೆಚ್ಚು ತಿನ್ನುವವರಲ್ಲಿ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಕರುಳಿನ ಕ್ಯಾನ್ಸರ್ ಕೂಡ 15ರಿಂದ 30% ಕಡಿಮೆ ಕಂಡಿತು. ದಿನಕ್ಕೆ ಕನಿಷ್ಠ 25 ಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಕೆಲಸ ನಡೆಯುವುದು ಹೀಗೆ. ಕರಗುವ ನಾರು ಹೊಟ್ಟೆಯಲ್ಲಿ ಲೋಳೆಯಾಗಿ ಅನ್ನದ ಸಕ್ಕರೆ ರಕ್ತಕ್ಕೆ ನಿಧಾನ ಸೇರುವಂತೆ ಮಾಡುತ್ತದೆ. ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಒಯ್ಯುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನ ಆಮ್ಲಗಳನ್ನು ಮಾಡುತ್ತವೆ. ಅದು ಕರುಳಿನ ಗೋಡೆಗೆ ಆಹಾರ. 'ಹೊಟ್ಟೆ ತುಂಬಿತು' ಎನ್ನುವ ಜಿಎಲ್‌ಪಿ-1 ಹಾರ್ಮೋನು ಹೊರಬರಲು ಅದರ ಪ್ರಚೋದನೆಯೂ ಇದೆ. ಈಗ ತೂಕ ಇಳಿಸಲು ಹಾಕಿಸಿಕೊಳ್ಳುವ ದುಬಾರಿ ಇಂಜೆಕ್ಷನ್‌ಗಳು ನಕಲು ಮಾಡುವುದು ಇದೇ ಹಾರ್ಮೋನನ್ನು. ನಾರಿನ ಬಲ ಅವುಗಳಷ್ಟಿಲ್ಲ, ನಿಜ.

ಇನ್ನು ನಮ್ಮ ತಟ್ಟೆ. ಕೆಂಪಕ್ಕಿಗೆ ಬದಲಾದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ತೆಗೆದು ಲೆಕ್ಕ ಹಾಕಿದೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ 2.8 ಗ್ರಾಂ ನಾರು, ತೌಡು ತೆಗೆಯದ ಅಕ್ಕಿಯಲ್ಲಿ 4.4. ದಿನಕ್ಕೆ 200 ಗ್ರಾಂ ಅಕ್ಕಿ ಉಂಡರೆ ಸಿಗುವ ಲಾಭ ಬರೀ 3 ಗ್ರಾಂ. ಅದೇ 50 ಗ್ರಾಂ ಇಡೀ ಹೆಸರುಕಾಳಿನಲ್ಲಿ 8.5 ಗ್ರಾಂ. 50 ಗ್ರಾಂ ಇಡೀ ಕಡಲೆಯಲ್ಲಿ 12ಕ್ಕೂ ಹೆಚ್ಚು.

ಅಂದರೆ ನಾವು ಕಳೆದುಕೊಂಡದ್ದು ತೌಡಿಗಿಂತ ಜಾಸ್ತಿ. ಭತ್ತದ ಕೊಯ್ಲು ಮುಗಿದ ಮೇಲೆ ಕರಾವಳಿಯ ಗದ್ದೆಯಲ್ಲಿ ಹೆಸರು, ಉದ್ದು, ಹುರುಳಿ ಬೆಳೆಯುತ್ತಿದ್ದರು. ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಸಮುದ್ರದ ಉಬ್ಬರದ ನೀರು ಬರುವ ತಗ್ಗು ಗದ್ದೆಯಲ್ಲಿ, ಉಪ್ಪುನೀರು ತಾಳುವ ಕಗ್ಗ ಭತ್ತವಿತ್ತು. ಎಷ್ಟೋ ಗಜನಿಗಳು ಸಿಗಡಿ ಹೊಂಡಗಳಾದವು. ಘಟ್ಟದ ಮೇಲೆ ಕೆಸುವಿನ ಕರಕಲಿ, ಒಂದೆಲಗದ ತಂಬುಳಿ, ಹಲಸಿನ ಬೀಜದ ಪಲ್ಯ ಮಳೆಗಾಲದ ಅಡುಗೆಯೇ ಆಗಿದ್ದವು. ಈಗ ಅದೆಲ್ಲ ಹಬ್ಬದ ವಿಶೇಷ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಮೈದಾದ ಬಿಸ್ಕೆಟ್, ರಾತ್ರಿ ಮತ್ತೆ ಅನ್ನ. ಇದರಲ್ಲಿ ಕಾಳು ಎಲ್ಲಿದೆ? ಸೊಪ್ಪು ಎಲ್ಲಿದೆ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಆ ಲೆಕ್ಕದಲ್ಲಿ ನಮ್ಮ ಮನೆಯವರೂ ಇದ್ದಾರೆ.

ಕುಮಟೆಯಲ್ಲಿರುವ ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷವಾಯಿತು. ಮಾತ್ರೆ ಬಿಟ್ಟಿಲ್ಲ, ಬಿಡಲೂಬಾರದು. ಅನ್ನವನ್ನೂ ಬಿಡಲಿಲ್ಲ, ಅರ್ಧ ಮಾಡಿದಳು. ಆ ಜಾಗಕ್ಕೆ ಮೊಳಕೆ ಹೆಸರಿನ ಗಸಿ ಬಂತು, ಬಸಳೆ ಬಂತು. ಮೊದಲ ವಾರ ಹೊಟ್ಟೆಯಲ್ಲಿ ಒಂದೇ ಸಮ ಗುಡುಗುಡು. ಒಮ್ಮೆಲೇ ಜಾಸ್ತಿ ಮಾಡಿದರೆ ಹಾಗೇ. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು, ನೀರೂ ಜಾಸ್ತಿ ಕುಡಿಯಬೇಕು, ಸಕ್ಕರೆಯ ಮಾತ್ರೆ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು ಡಾಕ್ಟರಿಗೆ ಹೇಳಿಯೇ ಮಾಡಬೇಕು. ಕಳೆದ ಸಲ ಹೋದಾಗ ಅತ್ತೆ ಬಡಿಸಿದ ತಟ್ಟೆಯಲ್ಲಿ ಗಸಿ ನಡುವೆ ಇತ್ತು, ಅನ್ನ ಅಂಚಿನಲ್ಲಿತ್ತು. "ಮೊದಲು ಇದನ್ನು ತಿನ್ನು, ಆಮೇಲೆ ಅನ್ನ ಎಷ್ಟು ಬೇಕು ಹೇಳು" ಅಂದಳು.