ಓಡುವ ಪ್ರೋಟೀನನ್ನು ತಡೆದು ಅದರ ಕೆಲಸ ಪತ್ತೆ ಮಾಡಿದ ಬಗೆ

ಜೀವಕೋಶದ ಒಳಗೆ ಯಾವುದೂ ಸುಮ್ನೆ ಕೂತಿರುವುದಿಲ್ಲ. ಕೋಶ ಎರಡಾಗುವಾಗ ವರ್ಣತಂತುಗಳು ಆ ಕಡೆ ಈ ಕಡೆ ಸರಿಯುತ್ತವೆ, ನರಗಳ ಒಳಗೆ ಪುಟ್ಟ ಪುಟ್ಟ ಚೀಲಗಳು ಓಡಾಡುತ್ತವೆ, ವೀರ್ಯಾಣುವಿನ ಬಾಲ ಬಡಿಯುತ್ತದೆ. ಇದರ ಹಿಂದೆ ಇರುವುದು ಮೋಟಾರ್ ಪ್ರೋಟೀನುಗಳು. ಕೋಶದ ಇಂಧನವಾದ ಎಟಿಪಿ ಎಂಬ ಅಣು ಒಡೆದಾಗ ಸಿಗುವ ಶಕ್ತಿಯಿಂದ ಇವು ಆಕಾರ ಬದಲಿಸಿಕೊಳ್ಳುತ್ತವೆ, ಕೋಶದೊಳಗಿನ ನಾರುಗಳನ್ನು ಎಳೆಯುತ್ತವೆ ಇಲ್ಲವೇ ಅವುಗಳ ಮೇಲೆ ಹೆಜ್ಜೆ ಹಾಕುತ್ತವೆ. ಮುಖ್ಯ ಕುಟುಂಬಗಳು ಮೂರು: ಮಯೋಸಿನ್, ಡೈನೀನ್, ಕೈನೆಸಿನ್. ಇಷ್ಟನ್ನು ಇವತ್ತು ಸಲೀಸಾಗಿ ಹೇಳಿಬಿಡಬಹುದು. ಆದರೆ ಯಾವ ಚಲನೆ ಯಾವ ಮೋಟಾರಿನ ಕೆಲಸ ಅನ್ನುವುದು 1970ರ ದಶಕದಲ್ಲಿ ಬಗೆಹರಿಯದ ಪ್ರಶ್ನೆಯಾಗಿತ್ತು. ಅದನ್ನು ಬಿಡಿಸಿದ್ದರಲ್ಲಿ ದೊಡ್ಡ ಪಾಲು ಆಂಟಿಬಾಡಿಯದ್ದು. ಕೋವಿಡ್ ಕಾಲದಲ್ಲಿ ನಾವೆಲ್ಲ ದಿನಾ ಕೇಳಿದ ಪ್ರತಿಕಾಯ, ಅದೇ.

ಮೊಲಕ್ಕೆ ಬೇರೆ ಪ್ರಾಣಿಯ ಪ್ರೋಟೀನ್ ಚುಚ್ಚಿದರೆ ಅದರ ಮೈ ಆ ಪ್ರೋಟೀನಿಗೇ ಅಂಟಿಕೊಳ್ಳುವ ಪ್ರತಿಕಾಯ ತಯಾರಿಸುತ್ತದೆ. ಅದನ್ನು ರಕ್ತದಿಂದ ಬೇರ್ಪಡಿಸಿಕೊಂಡರೆ ಆಯಿತು. ಅಮೆರಿಕದ ಆಲ್ಬರ್ಟ್ ಕೂನ್ಸ್ 1940ರ ದಶಕದ ಶುರುವಿನಲ್ಲೇ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಅಂಟಿಸುವ ದಾರಿ ತೋರಿಸಿದ್ದರು. ಯಾವ ಪ್ರೋಟೀನ್ ಎಲ್ಲಿದೆ ಅಂತ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು.

1976ರಲ್ಲಿ ಕೀಗಿ ಫುಜಿವಾರಾ ಮತ್ತು ಥಾಮಸ್ ಪೊಲಾರ್ಡ್ ಹೀಗೇ ಮನುಷ್ಯರ ಕೋಶಗಳಲ್ಲಿ ಮಯೋಸಿನ್ ಹುಡುಕಿದರು. ಸ್ನಾಯು ಕುಗ್ಗಿಸುವ ಪ್ರೋಟೀನ್ ಅಂತ ಮಯೋಸಿನ್ ಆಗಲೇ ಹೆಸರುವಾಸಿ. ಕೋಶ ಎರಡಾಗುವಾಗ ನಡುವೆ ಒಳಕ್ಕೆ ಬಿಗಿಯುವ ಜಾಗದಲ್ಲಿ ಅದು ಹೊಳೆಯಿತು. ಜೊತೆಗೆ ವರ್ಣತಂತುಗಳು ಸರಿಯುವ ನಾರುಗಳ ಚೌಕಟ್ಟಾದ ಸ್ಪಿಂಡಲ್‌ನಲ್ಲೂ ಕಾಣಿಸಿತು. ಹಾಗಾದರೆ ವರ್ಣತಂತುಗಳನ್ನು ಎಳೆಯುವುದೂ ಮಯೋಸಿನ್ನೇ ಇರಬೇಕು, ಅಲ್ವಾ? ಹಾಗೆ ಅನ್ನಿಸುವುದು ಸಹಜ. ಆದರೆ ಮದುವೆ ಮನೆಯ ಒಲೆ ಪಕ್ಕ ನಿಂತವರೆಲ್ಲ ಅಡುಗೆಯವರಲ್ಲ. ಯಾರು ಅಡುಗೆಯವರು ಅಂತ ತಿಳಿಯಬೇಕಾದರೆ ಒಬ್ಬೊಬ್ಬರ ಕೈ ಹಿಡಿದು ನಿಲ್ಲಿಸಿ ನೋಡಬೇಕು.

ಜಪಾನಿನ ಇಸ್ಸೇ ಮಬುಚಿ ಮತ್ತು ಮಕೊಟೊ ಒಕುನೊ ಸರಿಯಾಗಿ ಅದನ್ನೇ ಮಾಡಿದರು. ಪ್ರತಿಕಾಯ ಅಂಟಿಕೊಂಡರೆ ಪ್ರೋಟೀನಿನ ಕೈ ಕಟ್ಟಿದಂತೆ ಆಗಬಹುದು. ನಕ್ಷತ್ರಮೀನಿನ ಮೊಟ್ಟೆಯಿಂದ ಮಯೋಸಿನ್ ತೆಗೆದು, ಅದರ ವಿರುದ್ಧ ಪ್ರತಿಕಾಯ ತಯಾರಿಸಿ, ಅದನ್ನು ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಅದೇ ಪ್ರಾಣಿಯ ಭ್ರೂಣದ ಜೀವಂತ ಕೋಶಗಳಿಗೆ ಚುಚ್ಚಿದರು. 1977ರಲ್ಲಿ ಪ್ರಕಟವಾದ ಫಲಿತಾಂಶ ಇದು: ಕೋಶ ಎರಡಾಗುವುದು ನಿಂತಿತು, ಆದರೆ ಒಳಗೆ ವರ್ಣತಂತುಗಳಿರುವ ನ್ಯೂಕ್ಲಿಯಸ್ ಮಾತ್ರ ತನ್ನ ಪಾಡಿಗೆ ವಿಭಜನೆ ಮುಂದುವರಿಸಿತು! 1982ರಲ್ಲಿ ಡೇನಿಯಲ್ ಕೀಹಾರ್ಟ್, ಮಬುಚಿ ಮತ್ತು ಶಿನ್ಯಾ ಇನೊವೆ ಸೇರಿ ಇದನ್ನು ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ವರ್ಣತಂತುಗಳು ಎಂದಿನಂತೆ ಸರಿದವು. ಮಯೋಸಿನ್ ಅವುಗಳನ್ನು ಎಳೆಯುವುದಿಲ್ಲ.

ಈ ಪ್ರಯೋಗ ನನಗೆ ಯಾಕೆ ಇಷ್ಟು ಇಷ್ಟ ಅಂದರೆ, "ಏನೂ ಆಗಲಿಲ್ಲ" ಅನ್ನುವ ಫಲಿತಾಂಶವನ್ನು ನಂಬುವುದು ವಿಜ್ಞಾನದಲ್ಲಿ ತುಂಬ ಕಷ್ಟ. ಪ್ರತಿಕಾಯ ಕೆಟ್ಟುಹೋಗಿರಬಹುದು, ಸಾಕಷ್ಟು ಹೋಗದೇ ಇರಬಹುದು, ನೂರು ಅನುಮಾನ ಏಳುತ್ತವೆ. ಇಲ್ಲಿ ಆ ಅನುಮಾನಕ್ಕೆ ಉತ್ತರ ಅದೇ ಕೋಶದೊಳಗೇ ಇತ್ತು. ಕೋಶ ಎರಡಾಗುವುದು ನಿಂತಿದೆ ಅಂದರೆ ಪ್ರತಿಕಾಯ ಕೆಲಸ ಮಾಡಿದೆ. ಆದರೂ ವರ್ಣತಂತು ಓಡುತ್ತಿದೆ ಅಂದರೆ ಅದಕ್ಕೆ ಬೇರೆ ಮೋಟಾರ್ ಇದೆ.

ಡೈನೀನ್ ಕಥೆಯೂ ಇದೇ ಕಾಲದ್ದು. 1960ರ ದಶಕದಲ್ಲಿ ಅದನ್ನು ಕಂಡುಹಿಡಿದು ಹೆಸರಿಟ್ಟವರು ಇಯಾನ್ ಗಿಬನ್ಸ್. 1976ರಲ್ಲಿ ಅವರ ತಂಡ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ವೀರ್ಯಾಣುವಿನ ಪೊರೆ ತೆಗೆದು ಡೈನೀನ್ ಪ್ರತಿಕಾಯ ಹಾಕಿತು. ಬಾಲದ ಬಡಿತ ನಿಧಾನವಾಗುತ್ತಾ ಹೋಯಿತು.

ಕೈನೆಸಿನ್ ಸಿಕ್ಕಿದ್ದು 1985ರಲ್ಲಿ. ರೊನಾಲ್ಡ್ ವೇಲ್, ಥಾಮಸ್ ರೀಸ್, ಮೈಕೆಲ್ ಶೀಟ್ಜ್ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಸ್ಕ್ವಿಡ್‌ನ (ನಮ್ಮ ಕರಾವಳಿಯವರ ಬೊಂಡಾಸ್) ದಪ್ಪ ನರ ಬಳಸಿ ಇದನ್ನು ಪತ್ತೆ ಮಾಡಿದರು. ಅಷ್ಟರಲ್ಲಿ ಪ್ರತಿಕಾಯದ ತಂತ್ರವೂ ಸುಧಾರಿಸಿತ್ತು. ಮೊಲದ ರಕ್ತದಲ್ಲಿ ಹತ್ತಾರು ಬಗೆಯ ಪ್ರತಿಕಾಯ ಬೆರೆತಿರುತ್ತವೆ, ಯಾವುದು ಎಲ್ಲಿ ಅಂಟಿತು ಅಂತ ಹೇಳುವುದು ಕಷ್ಟ. ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಒಂದೇ ಬಗೆಯ ಪ್ರತಿಕಾಯ ಬೇಕಾದಷ್ಟು ಬೆಳೆಸುವ ದಾರಿ ಕಂಡುಹಿಡಿದಿದ್ದರು. ಜೊನಾಥನ್ ಸ್ಕೋಲಿ ಅವರ ತಂಡ 1988ರಲ್ಲಿ ಅಂಥ ಹಲವು ಪ್ರತಿಕಾಯಗಳನ್ನು ಕೈನೆಸಿನ್ ಮೇಲೆ ಪರೀಕ್ಷಿಸಿತು. ಕೆಲವು ಅಂಟಿದರೂ ಚಲನೆ ನಿಲ್ಲಲಿಲ್ಲ. ಎಸ್‌ಯುಕೆ4 ಎಂಬುದು ನಿಲ್ಲಿಸಿತು. ಅದು ಅಂಟುವುದು ಕೈನೆಸಿನ್‌ನ ತಲೆಯ ಭಾಗಕ್ಕೆ ಅಂತ ಮರುವರ್ಷ ಗೊತ್ತಾಯಿತು. ಚಲನೆ ಹುಟ್ಟುವುದು ಅಲ್ಲೇ.

ಎಲ್ಲವೂ ಹೀಗೆ ನೀಟಾಗಿ ಬಗೆಹರಿಯಲಿಲ್ಲ. 1990ರಲ್ಲಿ ಸ್ಕಾಟ್ ಬ್ರೇಡಿ ಮತ್ತು ಸಂಗಡಿಗರು ಸ್ಕ್ವಿಡ್ ನರದ ಒಳದ್ರವಕ್ಕೆ ಕೈನೆಸಿನ್ ಪ್ರತಿಕಾಯ ಹಾಕಿದಾಗ ಕೈನೆಸಿನ್ ಮಾಡುವ, ನರದ ತುದಿಯ ಕಡೆಗಿನ ಸಾಗಾಟದ ಜೊತೆ ವಾಪಸ್ ಬರುವ ಸಾಗಾಟವೂ ಕುಂಠಿತವಾಯಿತು. ವಾಪಸ್ ತರುವುದು ಡೈನೀನ್ ಕೆಲಸ ಅಂತ ಎಲ್ಲರೂ ನಂಬಿದ್ದರು! ಎದುರುಬದುರು ದಿಕ್ಕಿನ ಮೋಟಾರುಗಳು ಒಂದಕ್ಕೊಂದು ನಂಟು ಇಟ್ಟುಕೊಂಡಿವೆ ಅನ್ನುವುದಕ್ಕೆ ಆಮೇಲೆ ಬೇರೆ ಪ್ರಯೋಗಗಳಿಂದಲೂ ಆಧಾರ ಸಿಕ್ಕಿತು. ಆದರೂ ಇಂಥ ಫಲಿತಾಂಶವನ್ನು ಹುಷಾರಾಗಿ ಓದಬೇಕು. ಪ್ರತಿಕಾಯಕ್ಕೆ ಎರಡು ಕೈ, ಎರಡು ಮೋಟಾರುಗಳನ್ನು ಒಟ್ಟಿಗೆ ಕಟ್ಟಿಹಾಕಬಹುದು. ಮನುಷ್ಯರಲ್ಲಿ ಕೈನೆಸಿನ್ ಜೀನುಗಳೇ ಸುಮಾರು 45 ಇವೆ, ತಪ್ಪಾದ ತಮ್ಮನನ್ನು ಹಿಡಿದುಬಿಡುವ ಅಪಾಯವೂ ಇದೆ. ಅದಕ್ಕೇ ಒಂದೇ ಕೈಯ ತುಂಡು ಪ್ರತಿಕಾಯ ಬಳಸಿಯೂ ನೋಡುತ್ತಾರೆ.

ಔಷಧದವರೆಗೆ ಹೋದ ಎಳೆ ಇಜಿ5 ಎಂಬ ಕೈನೆಸಿನ್‌ನದು. 1995ರಲ್ಲಿ ಎರಿಕ್ ನಿಗ್ ಅವರ ತಂಡ ಮನುಷ್ಯರ ಕೋಶಕ್ಕೆ ಇದರ ಪ್ರತಿಕಾಯ ಚುಚ್ಚಿತು. ಎರಡು ತುದಿಯ ಸ್ಪಿಂಡಲ್ ಬದಲು ಒಂದೇ ನಡುವಿನಿಂದ ಸುತ್ತಲೂ ಹರಡಿದ ಆಕಾರ ಬಂತು, ಕೋಶ ಅಲ್ಲಿಗೇ ನಿಂತಿತು. 1999ರಲ್ಲಿ ಹಾರ್ವರ್ಡ್‌ನ ತಂಡವೊಂದು 16,320 ರಾಸಾಯನಿಕಗಳನ್ನು ಜಾಲಾಡಿದಾಗ ಒಂದು ವಸ್ತು ಇದೇ ಆಕಾರ ಮೂಡಿಸಿತು. ಆ ವಸ್ತು ಹಿಡಿದದ್ದು ಇಜಿ5 ಅನ್ನೇ. ಅದಕ್ಕೆ ಮೊನಾಸ್ಟ್ರಾಲ್ ಅಂತ ಹೆಸರಿಟ್ಟರು. ಇಜಿ5 ತಡೆಯುವ ಇಸ್ಪಿನೆಸಿಬ್‌ನಂಥ ವಸ್ತುಗಳು ಕ್ಯಾನ್ಸರ್ ರೋಗಿಗಳ ಮೇಲಿನ ಪರೀಕ್ಷೆಗೂ ಹೋದವು, ಆದರೆ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ.

ಈಗ ಜೀನನ್ನೇ ತೆಗೆದುಹಾಕಬಹುದು, ಪ್ರತಿಕಾಯ ಇನ್ನೂ ಯಾಕೆ ಬೇಕು? ಸಮಯಕ್ಕೋಸ್ಕರ. ಜೀನ್ ತೆಗೆದರೂ ಮೊದಲೇ ತಯಾರಾದ ಪ್ರೋಟೀನ್ ಕರಗಲು ಬಹಳ ಹೊತ್ತು ಬೇಕು, ವಿಭಜನೆ ಮುಗಿಯಲು ಒಂದೆರಡು ಗಂಟೆ ಸಾಕು. ಪ್ರತಿಕಾಯವನ್ನು ಬೇಕಾದ ಹಂತಕ್ಕೇ ಕಾದು ಚುಚ್ಚಬಹುದು. 2017ರಲ್ಲಿ ಮೆಲಿನಾ ಶೂ ಮತ್ತು ಲಿಯೋ ಜೇಮ್ಸ್ ಅವರ ತಂಡಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಪ್ರತಿಕಾಯದ ಜೊತೆ ಟ್ರಿಮ್21 ಎಂಬ ಪ್ರೋಟೀನ್ ಸೇರಿದರೆ, ಪ್ರತಿಕಾಯ ಹಿಡಿದದ್ದನ್ನು ಕೋಶವೇ ಕೆಲವೇ ನಿಮಿಷಗಳಲ್ಲಿ ಚೂರು ಮಾಡುತ್ತದೆ. ಇದಕ್ಕೆ ಟ್ರಿಮ್-ಅವೇ ಅಂತ ಹೆಸರು. ಮೊಟ್ಟೆಕೋಶಗಳಂಥ ವಿಭಜನೆಯಾಗದೆ ಕಾದು ಕೂತಿರುವ ಕೋಶಗಳಲ್ಲೂ ಇದು ನಡೆಯುತ್ತದೆ, ಜೀನ್ ಮುಟ್ಟುವ ಅಗತ್ಯವೇ ಇಲ್ಲ.