ಹೊಸ ಕಲಾಕೃತಿಯನ್ನು ನೋಡುಗರಿಗೆ ದಾಟಿಸುವುದು: ಸ್ಟುಡಿಯೊದಿಂದ ಫಲಕದವರೆಗೆ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೆನಿ ಬರೆದ ಚಿತ್ರಗಳ ಮುಂದೆ ನಿಂತವರಿಗೆ ಇದು ಯಾವ ಸಂತನ ಕಥೆ ಎಂದು ಒಂದು ವಾಕ್ಯ ಹೇಳಿದರೆ ಸಾಕು, ಉಳಿದದ್ದನ್ನು ಕಣ್ಣೇ ಹುಡುಕಿಕೊಳ್ಳುತ್ತದೆ. ಗ್ಯಾಲರಿಯ ಇನ್‌ಸ್ಟಲೇಶನ್ನಿಗೋ (ವಸ್ತುಗಳನ್ನು ಜಾಗಕ್ಕೆ ತಕ್ಕಂತೆ ಜೋಡಿಸಿ ಕಟ್ಟಿದ ಕೃತಿ) ವಿಡಿಯೊ ಕೃತಿಗೋ ಹಾಗೆ ಮೊದಲೇ ಗೊತ್ತಿರುವ ಕಥೆ ಇರುವುದಿಲ್ಲ. ಆಗ ವಿವರಿಸುವವರು ನೇರ ‘ಸಂದೇಶ’ಕ್ಕೆ ಕೈ ಹಾಕುತ್ತಾರೆ. ‘ಅಸ್ತಿತ್ವದ ಸಂಕೀರ್ಣತೆಯನ್ನು ಶೋಧಿಸುವ ಕೃತಿ’ ಎಂದು ಕೃತಿಯ ಪಕ್ಕದಲ್ಲಿ ಹಾಕುವ ವಿವರಣೆಯ ಫಲಕ ಬರೆಯುತ್ತಾರೆ. ಆ ಫಲಕವನ್ನು ಪಕ್ಕದ ಕೃತಿಗೆ ಅಂಟಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗದು. ಮೊದಲು ಹೇಳಬೇಕಾದದ್ದು ಕೃತಿ ಹೇಗಾಯಿತು ಎಂಬುದನ್ನು. ಅರ್ಥದ ಮಾತು ಅದರ ಬೆನ್ನಿಗೆ ಬರಲಿ.

ಹಾಗೆ ಹೇಳಬೇಕಾದರೆ ತಯಾರಿಯನ್ನು ಕಣ್ಣಾರೆ ಕಂಡಿರಬೇಕು. ಕಲಾವಿದರ ಸ್ಟುಡಿಯೊಗೆ ಕನಿಷ್ಠ ಎರಡು ಸಲ ಹೋಗಿ: ಕೆಲಸ ಅರ್ಧಕ್ಕೆ ಬಂದಾಗ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ. ಮೊದಲ ಹತ್ತು ನಿಮಿಷ ಏನೂ ಕೇಳದೆ, ಕಂಡದ್ದನ್ನಷ್ಟೇ ಬರೆದುಕೊಳ್ಳಿ. ಆಮೇಲೆ ‘ಇದರ ಅರ್ಥವೇನು?’ ಎಂದು ಶುರುಮಾಡಬೇಡಿ, ಸಿದ್ಧ ಉತ್ತರವೇ ಸಿಗುತ್ತದೆ. ಈ ವಸ್ತು ಎಲ್ಲಿಂದ ಬಂತು, ಇಷ್ಟೇ ಅಳತೆ ಏಕೆ, ಮೊದಲು ಯಾವುದು ಆಯಿತು ನಂತರ ಯಾವುದು, ಯಾವುದನ್ನು ಮಾಡಿ ಬಿಟ್ಟುಬಿಟ್ಟಿರಿ ಎಂದು ಕೇಳಿ. ಬಿಟ್ಟುಬಿಟ್ಟದ್ದರ ಪ್ರಶ್ನೆಗೆ ಬರುವ ಉತ್ತರದಲ್ಲಿ ಕೃತಿಯ ನಿಜವಾದ ನಿರ್ಧಾರಗಳು ಹೊರಬೀಳುತ್ತವೆ. ಅನುಮತಿ ಪಡೆದು ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಎತ್ತರ, ಅಗಲ, ಆಳವನ್ನು ಅಲ್ಲೇ ಟೇಪ್ ಹಿಡಿದು ಅಳೆಯಿರಿ.

ಒಂದು ಕೃತಿಯನ್ನು ಕಲ್ಪಿಸಿಕೊಳ್ಳೋಣ. ಕೆಡವಿದ ಮನೆಯ ನಲವತ್ತು ಮಂಗಳೂರು ಹೆಂಚುಗಳನ್ನು ಹಳೆಯ ಮೀನಿನ ಬಲೆಯಲ್ಲಿ ಕಟ್ಟಿ ಮಾಡಿನಿಂದ ಇಳಿಬಿಟ್ಟಿದ್ದಾರೆ. ಫಲಕದಲ್ಲಿ ‘ಮಿಶ್ರ ಮಾಧ್ಯಮ’ ಎಂದು ಬರೆದರೆ ಕೆಲಸ ಕೆಟ್ಟಂತೆ. ‘ಹಳೆಯ ಹೆಂಚು, ನೈಲಾನ್ ಬಲೆ, ಕಬ್ಬಿಣದ ಕೊಕ್ಕೆ’ ಎಂದು ಬರೆಯಬೇಕು. ಹೆಂಚೊಂದಕ್ಕೆ ಸುಮಾರು ಎರಡೂವರೆ ಕೆ.ಜಿ. ಹಿಡಿದರೂ ಬಲೆ ಹೊರುವುದು 100 ಕೆ.ಜಿ. ಹಾಗಾಗಿ ಕೊಕ್ಕೆ ಫಾಲ್ಸ್ ಸೀಲಿಂಗಿಗೆ ಹಾಕುವಂಥದ್ದಲ್ಲ, ತೊಲೆಗೇ ಹೋಗಬೇಕು. ಈ ಭಾರವೇ ಕೃತಿಯ ಅರ್ಧ ಮಾತು. ಅದರ ಕೆಳಗೆ ನಿಲ್ಲಲು ನೋಡುಗ ಅಂಜುತ್ತಾನಲ್ಲ, ಆ ಅಂಜಿಕೆಯನ್ನೂ ಕಲಾವಿದ ಲೆಕ್ಕ ಹಾಕಿಯೇ ಕಟ್ಟಿರುತ್ತಾನೆ.

ಬೇರೆ ಬೇರೆ ಜನರಿಗೆ ವಿವರಿಸುವಾಗ ವಿಷಯವನ್ನು ತೆಳು ಮಾಡಬೇಕಾಗಿಲ್ಲ, ಮಾತು ಶುರುವಾಗುವ ಜಾಗ ಬದಲಾದರೆ ಸಾಕು. ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ಬಿಡಿ ಹೆಂಚನ್ನು ಕೈಗೆ ಕೊಟ್ಟು, ‘ಇಂಥ ನಲವತ್ತು ಮೇಲೆ ಉಂಟು’ ಎನ್ನಿ. ಮೇಸ್ತ್ರಿ ಕೆಲಸ ಮಾಡಿದವರಿಗೆ ಹೆಂಚಿನ ಮೇಲೆ ಒತ್ತಿದ ಕಾರ್ಖಾನೆಯ ಮುದ್ರೆ ತೋರಿಸಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ, ಅವರೇ ನಿಮಗೆ ಹೇಳಲು ತೊಡಗುತ್ತಾರೆ. ದೃಶ್ಯಕಲೆಯ ವಿದ್ಯಾರ್ಥಿಗಳೊಂದಿಗೆ, ಸಿಕ್ಕಿದ ವಸ್ತುವನ್ನೇ ಕೃತಿಯೆಂದು ಮುಂದಿಡುವ ಪರಂಪರೆಯನ್ನು 1917ರಲ್ಲಿ ಫ್ರೆಂಚ್ ಕಲಾವಿದ ಡುಶಾಂಪ್ ಕಲಾಕೃತಿಯೆಂದು ಮುಂದಿಟ್ಟ ಶೌಚಾಲಯದ ಮೂತ್ರದ ಬೇಸಿನ್ನಿನಿಂದ ಇತ್ತ ತರಬಹುದು. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರ ಗುಂಪು ಬಂದರೆ ವಸ್ತುಗಳ ಹೆಸರನ್ನಾದರೂ ಅವರ ಮಾತಿನಲ್ಲೇ ಅವರಿಂದಲೇ ಹೇಳಿಸಿ.

‘ಜನರಿಗೆ ಇದೆಲ್ಲ ತಿಳಿಯುವುದಿಲ್ಲ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಒಂದೇ ಪೀಠ ಒಮ್ಮೆ ರಥವಾಗುತ್ತದೆ, ಒಮ್ಮೆ ಸಿಂಹಾಸನವಾಗುತ್ತದೆ. ಇಲ್ಲಿನ ಪ್ರೇಕ್ಷಕರು ಯಾರ ವಿವರಣೆಯೂ ಇಲ್ಲದೆ ಅದನ್ನು ಒಪ್ಪಿದವರು. ನಾಗಮಂಡಲದ ಬಣ್ಣದ ಪುಡಿಯ ಮಂಡಲ ಉಳಿಯಲೆಂದು ಬರೆದದ್ದಲ್ಲ ಎಂಬುದೂ ಅವರಿಗೆ ಗೊತ್ತು, ಹಾಗಾಗಿ ಅಳಿದುಹೋಗುವ ಕೃತಿ ಅವರಿಗೆ ಹೊಸತೇನಲ್ಲ. ಆದರೆ ಈ ಹೋಲಿಕೆಯನ್ನು ಎಳೆಯಬಾರದು. ಮಂಡಲ ಆರಾಧನೆ, ಅದನ್ನು ‘ಇನ್‌ಸ್ಟಲೇಶನ್’ ಎಂದು ಕರೆದರೆ ಎರಡಕ್ಕೂ ಅನ್ಯಾಯ.

ಗುಂಪಿನೊಂದಿಗೆ ಮಾತನಾಡಲು ಮನಶ್ಶಾಸ್ತ್ರಜ್ಞೆ ಅಬಿಗೈಲ್ ಹೌಸನ್ ಮತ್ತು ಮ್ಯೂಸಿಯಂ ಶಿಕ್ಷಣದ ಫಿಲಿಪ್ ಯೆನವೈನ್ ರೂಪಿಸಿದ ಮೂರು ಪ್ರಶ್ನೆಗಳ ಕ್ರಮ ಉಪಯುಕ್ತ. ನಮ್ಮ ಕನ್ನಡದಲ್ಲಿ: ‘ಇಲ್ಲಿ ಏನು ನಡೀತಾ ಉಂಟು? ಯಾವುದನ್ನು ನೋಡಿ ಹಾಗೆ ಹೇಳ್ತೀರಿ? ಇನ್ನೆಂತ ಕಾಣ್ತದೆ?’ ಎರಡನೆಯದನ್ನು ಬಿಟ್ಟರೆ ಮಾತು ಊಹೆಯ ಪಂದ್ಯವಾಗುತ್ತದೆ. ಅಮೂರ್ತ ಕೃತಿಯ ಮುಂದೆ ಮೊದಲ ಪ್ರಶ್ನೆ ಸೋಲುತ್ತದೆ, ಅಲ್ಲಿ ‘ಕೈ ಹೇಗೆ ಓಡಿರಬಹುದು?’ ಎಂದು ಕೇಳಿ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಗಾಳಿಯಲ್ಲಿ ಬೆರಳಿನಿಂದ ಮತ್ತೆ ಎಳೆಯಲು ಹೇಳಿದರೆ, ಗೆರೆ ಎಲ್ಲಿ ನಿಂತಿತು, ಎಲ್ಲಿ ಓಡಿತು ಎಂದು ಮಕ್ಕಳಿಗೂ ತಿಳಿಯುತ್ತದೆ.

ಇನ್ನು ಫಲಕ. ಇಂಗ್ಲಿಷಿನಲ್ಲಿ 70 ಪದ ನಡೆಯುವಲ್ಲಿ ಕನ್ನಡಕ್ಕೆ 45 ಸಾಕು, ನಮ್ಮ ಪದಗಳು ಪ್ರತ್ಯಯ ಹೊತ್ತು ಉದ್ದವಾಗುತ್ತವೆ. ಅಕ್ಷರ 24 ಪಾಯಿಂಟಿಗಿಂತ ಕಡಿಮೆ ಬೇಡ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಯುನಿಕೋಡಿನಲ್ಲಿ ಕಳಿಸಿದ ಬರಹ ನುಡಿ ಫಾಂಟಿಗೆ ಬದಲಾಗುವಾಗ ಅರ್ಕಾವತ್ತು ಜಾಗ ತಪ್ಪುವುದುಂಟು. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರಗಳೇ ಬಿಡಿಬಿಡಿಯಾಗುತ್ತವೆ. ಪರದೆಯ ಮೇಲೆ ಸರಿಯಿದೆ ಎಂದು ಬಿಡದೆ, ಮುದ್ರಿಸಿದ ಕಾಗದದಲ್ಲೇ ಕರಡು ತಿದ್ದಿ.

ಫಲಕಕ್ಕೆ ಐದು ಮಿಲಿಮೀಟರಿನ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ), ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್, ನೆಲದಿಂದ ಸುಮಾರು 135 ಸೆಂ.ಮೀ. ಎತ್ತರ. ಹೊಳೆಯುವ ಲ್ಯಾಮಿನೇಶನ್ ಹಾಕಿದರೆ ಸ್ಪಾಟ್‌ಲೈಟಿನಡಿ ಓದಲಾಗದು. ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯ ಮೇಲೆ ಡಬಲ್ ಟೇಪ್ ರಾತ್ರಿ ಬೆಳಗಾಗುವುದರೊಳಗೆ ಬಿಡುತ್ತದೆ, ಸಣ್ಣ ಮೊಳೆಯೇ ವಾಸಿ. ಕಾಗದದ ಕೃತಿಗಳಿಗೆ ಬೆಳಕು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರಬಾರದು, ಆದ್ದರಿಂದ ಆ ಕೋಣೆಯ ಫಲಕಗಳ ಅಕ್ಷರ ಇನ್ನಷ್ಟು ದಪ್ಪ ಇರಲಿ.

ಉದ್ಘಾಟನೆಗೆ ಒಂದು ವಾರ ಮೊದಲೇ ಫಲಕಗಳ ಕರಡನ್ನು ಕಲೆಗೆ ಸಂಬಂಧವಿಲ್ಲದ ಇಬ್ಬರಿಂದ ಗಟ್ಟಿಯಾಗಿ ಓದಿಸಿ. ತಡವರಿಸಿದಲ್ಲಿ ಗುರುತು ಹಾಕಿ, ವಾಕ್ಯ ಒಡೆಯಿರಿ. ಪ್ರದರ್ಶನ ತೆರೆದ ಮೂರನೇ ದಿನ ಒಂದು ಗಂಟೆ ಸುಮ್ಮನೆ ನಿಂತು, ಯಾವ ಫಲಕವನ್ನು ಓದಿದ ಮೇಲೆ ಜನ ಮತ್ತೆ ಕೃತಿಯತ್ತ ತಿರುಗಿದರು, ಯಾವುದನ್ನು ಓದಿ ಮುಂದೆ ಹೋದರು ಎಂದು ಗಮನಿಸಿ. ಎರಡನೆಯ ಬಗೆಯವನ್ನು ಬದಲಿಸಲು ಬೇಕಾದ ಮುದ್ರಣದ ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ತೆಗೆದಿಡಿ, ಆಮೇಲೆ ಕೇಳಿದರೆ ಯಾವ ಸಂಘಟಕರೂ ಕೊಡುವುದಿಲ್ಲ.