ಮೇಷ್ಟ್ರ ಮೆಂತ್ಯದ ಬಕೆಟ್

2021ರ ಏಪ್ರಿಲ್ ಕೊನೆ. ಕೊರೊನಾದಿಂದ ಎರಡನೇ ಸಲ ಎಲ್ಲಾ ಬಂದ್ ಆಗಿತ್ತು. ನಾನು ಹಾಸನದ ಮನೆಯಿಂದಲೇ ಫೋನಿನಲ್ಲಿ ಆಪ್ತಸಮಾಲೋಚನೆ ಮಾಡುತ್ತಿದ್ದೆ. ಕುವೆಂಪುನಗರದ ನಿವೃತ್ತ ಮೇಷ್ಟ್ರೊಬ್ಬರು ದಿನಾ ಕರೆ ಮಾಡುತ್ತಿದ್ದರು. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇವರೊಬ್ಬರೇ.

"ಬೆಳಗಾದ್ರೆ ಟಿವಿ ಹಾಕ್ತೀನಮ್ಮ, ಸತ್ತವರ ಲೆಕ್ಕ ನೋಡ್ತೀನಿ. ಆಮೇಲೆ ಏನ್ ಮಾಡ್ಬೇಕು ಅಂತಾನೇ ತೋಚಲ್ಲ."

"ಮೇಷ್ಟ್ರೇ, ಅಡುಗೆಮನೇಲಿ ಮೆಂತ್ಯ ಇದೆಯಾ?" ಎಂದು ಕೇಳಿದೆ.

ಮನಸ್ಸು ಕುಗ್ಗಿದಾಗ, ಅದು ಸರಿಹೋದ ಮೇಲೆ ಕೆಲಸ ಮಾಡೋಣ ಅಂದುಕೊಳ್ಳುತ್ತೇವೆ, ಅಲ್ವಾ? ನಾವು ಸಮಾಲೋಚಕರು ಇದನ್ನು ತಿರುಗಿಸಿ ಹೇಳುತ್ತೇವೆ. ಮೊದಲು ಕೈಗೊಂದು ಸಣ್ಣ ಕೆಲಸ ಕೊಡಿ, ಮನಸ್ಸು ಅದರ ಹಿಂದೆ ಬರುತ್ತದೆ. ಆದರೆ ಆ ಕೆಲಸದ ಫಲ ಬೇಗ ಕಾಣಬೇಕು. ಅದಕ್ಕೇ ಗುಲಾಬಿ, ಟೊಮೆಟೊ ಬೇಡ ಅನ್ನುತ್ತೇನೆ. ಟೊಮೆಟೊ ಹಣ್ಣಾಗಲು ಎರಡು ತಿಂಗಳ ಮೇಲಾಗುತ್ತದೆ, ನಡುವೆ ಎಲೆ ಮುರುಟಿದರೆ, ನೊಂದವರು 'ನನ್ನ ಕೈಗುಣವೇ ಸರಿಯಿಲ್ಲ' ಅಂದುಬಿಡುತ್ತಾರೆ.

ಮೆಂತ್ಯ ಹಾಗಲ್ಲ. ಒಂದು ಹಿಡಿ ಕಾಳನ್ನು ರಾತ್ರಿ ನೆನೆಹಾಕಿ. ಹಳೇ ಪೇಂಟ್ ಬಕೆಟ್ಟಿನ ತಳಕ್ಕೆ ನಾಲ್ಕು ತೂತು ಮಾಡಿ, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಕಾಳು ಒತ್ತಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಕೈಯಲ್ಲೇ ನೀರು ಚಿಮುಕಿಸಿ. ಮೂರು–ನಾಲ್ಕು ದಿನಕ್ಕೆ ಮೊಳಕೆ ಏಳುತ್ತದೆ, ತಿಂಗಳೊಳಗೆ ಸೊಪ್ಪು ಕುಯ್ಯಬಹುದು.

ನಾಲ್ಕನೇ ದಿನ ಮೇಷ್ಟ್ರ ಫೋನು. "ಮಣ್ಣಿನ ಹೆಂಟೇನೇ ತಲೆ ಮೇಲೆ ಹೊತ್ಕೊಂಡು ಎದ್ದಿದೆ ಕಣಮ್ಮ!" ಅವತ್ತು ಅವರು ಟಿವಿಯ ಮಾತೇ ಎತ್ತಲಿಲ್ಲ.

ಒಂದು ಬಕೆಟ್ ಸೊಪ್ಪು ಒಬ್ಬರಿಗೆ ಜಾಸ್ತಿ. ಪಕ್ಕದ ಮನೆಯವರಿಗೆ ಕೊರೊನಾ ಬಂದು ಬಾಗಿಲು ಹಾಕಿಕೊಂಡಿದ್ದರು. ಮೇಷ್ಟ್ರು ಒಂದು ಕಟ್ಟು ಮೆಂತ್ಯವನ್ನು ಅವರ ಗೇಟಿಗೆ ಸಿಕ್ಕಿಸಿ, ದೂರದಿಂದ ಕೂಗಿ ಹೇಳಿ ಬಂದರು. ಅವರು ಹುಷಾರಾದ ಮೇಲೆ ಕಾಂಪೌಂಡಿನ ಮೇಲಿಂದ ಒಂದು ಗೇಣು ಬಸಳೆ ಬಳ್ಳಿ ಕೊಟ್ಟರು. ಹತ್ತು ವರ್ಷದಿಂದ ಅಕ್ಕಪಕ್ಕ ಇದ್ದರೂ ಈ ಎರಡು ಮನೆ ನಡುವೆ ಕೊಟ್ಟು ತೆಗೆದುಕೊಳ್ಳುವುದು ಇರಲಿಲ್ಲ. ಆಮೇಲೆ ಆ ಬಸಳೆ ಬೀದಿಯ ಐದಾರು ಮನೆಗೆ ಹಬ್ಬಿತು.

ಗಿಡ ಔಷಧಿಗೆ ಬದಲಲ್ಲ. ಎರಡು ವಾರದಿಂದ ನಿದ್ದೆ, ಊಟ ಸೇರುತ್ತಿಲ್ಲ ಅಥವಾ ಬದುಕೇ ಬೇಡ ಅನಿಸುತ್ತಿದೆ ಎಂದರೆ ತಡಮಾಡದೆ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಮಾತು. 2024ರಲ್ಲಿ ಡೆಂಗಿ ಜೋರಾದಾಗ ಎಷ್ಟೋ ಜನ ಕುಂಡಗಳನ್ನೆಲ್ಲ ಎತ್ತಿ ಬಿಸಾಡಲು ಹೊರಟರು. ಕುಂಡ ಬಿಸಾಡುವುದು ಬೇಡ, ಅದರ ಕೆಳಗಿನ ತಟ್ಟೆ ನೋಡಿಕೊಳ್ಳಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನ ಅಂಚಿನಲ್ಲೇ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಗಸಗಸ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ.

ಮೇಷ್ಟ್ರ ಬೀದಿಯಲ್ಲಿ ಇದಕ್ಕೆ ಭಾನುವಾರ ಬೆಳಗ್ಗೆ ಅಂತ ಗೊತ್ತುಮಾಡಿಕೊಂಡಿದ್ದಾರೆ. ಮೊಣಕಾಲು ನೋವಿರುವ ಅಜ್ಜಿಯ ಮನೆ ತಟ್ಟೆಗಳನ್ನು ಎದುರುಮನೆ ಹುಡುಗರು ಉಜ್ಜಿಕೊಡುತ್ತಾರೆ. ಹೋಗುವಾಗ ಅಜ್ಜಿ ಅವರ ಕೈಗೆ ದೊಡ್ಡಪತ್ರೆ ಕಿತ್ತು ಕೊಡುತ್ತಾರೆ, ಮಧ್ಯಾಹ್ನ ತಂಬುಳಿಗೆ.